ಕಾರಣ: ಹೃದಯ

ಟ್ರೆಸ್ಲ್ ಫೋರ್ಕ್, ಕೆಂಟಕಿ
೪ ಫೆಬ್ರವರಿ ೨೦೨೩

ರೇಲೀನ್,

ನಿನ್ನ ಮಗಳ ಮುಂದಿನ ಎರಡು ಹಲ್ಲು ಬಿದ್ದವು. ಒಂದನ್ನು ದಿಂಬಿನ ಕೆಳಗಿಟ್ಟುಕೊಂಡಳು, ಇನ್ನೊಂದನ್ನು ನಿನಗೆ ಕಳಿಸಬೇಕಂತೆ. ಜೈಲಿನವರು ಹಲ್ಲನ್ನು ಒಳಗೆ ಬಿಡುವುದಿಲ್ಲ ಕಣೇ ಎಂದರೆ, "ಅಮ್ಮನ ಹಲ್ಲೆಲ್ಲಾ ಬಿಟ್ಟಿದಾರಲ್ಲ" ಎಂದಳು. ಆರು ವರ್ಷಕ್ಕೇ ಓಪಲ್‌ಗೆ ಈ ಬಾಯಿ. ಯಾರ ಕಡೆಯಿಂದ ಬಂತೆಂದು ನಾನು ಹೇಳುವುದಿಲ್ಲ.

ಗುರುವಾರ ನಮ್ಮ ಅಪಘಾತ ತಡೆಯುವ ಕಚೇರಿಗೆ ರಾಜಧಾನಿಯಿಂದ ಒಬ್ಬಳು ಬಂದಿದ್ದಳು, ಮಿಸ್ ಪೆಟಿಗ್ರೂ ಅಂತ. ನಮಗೆ ಅನುದಾನ ಕೊಡುವ ಇಲಾಖೆಯವಳು. ಬಿಳಿ ಶೂ ಹಾಕಿಕೊಂಡು ನಮ್ಮ ಕೆಸರಿಗೆ ಬಂದವಳು ಅವಳೊಬ್ಬಳೇ ಇರಬೇಕು. ಎಲ್ಲ ತೋರಿಸಿದೆ. ಮುದುಕರ ಬಚ್ಚಲಿಗೆ ಹಾಕಿಸುವ ಹಿಡಿಗಂಬಿ, ಗುಡ್ಡದಲ್ಲಿ ನಾಲ್ಕು ಚಕ್ರದ ಬೈಕು ಓಡಿಸುವ ಹುಡುಗರ ಹೆಲ್ಮೆಟ್ಟು, ನೋವಿನ ಮಾತ್ರೆ ಇಟ್ಟು ಬೀಗ ಹಾಕುವ ಡಬ್ಬಿ, ಮಾತ್ರೆ ಹೆಚ್ಚಾಗಿ ಉಸಿರು ನಿಂತವನ ಮೂಗಿಗೆ ಹೊಡೆಯುವ ಸ್ಪ್ರೇ. ಚಟ ಬಿಟ್ಟವರ ಗುರುವಾರದ ಸಭೆಯನ್ನೂ ತೋರಿಸಿದೆ, ಹದಿಮೂರು ಜನ ಬಂದಿದ್ದರು. ಅವಳಿಗೆ ಎಲ್ಲ ಹಿಡಿಸಿತು. ನಾನು ಮಾಡಿದ ಬಿಸ್ಕೆಟ್ಟು ಮತ್ತು ಗ್ರೇವಿಯನ್ನು ಎರಡು ಸಲ ಹಾಕಿಸಿಕೊಂಡಳು.

ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಮೂರು ವರ್ಷದಲ್ಲಿ ನಮ್ಮ ಕೌಂಟಿಯಲ್ಲಿ ಓವರ್‌ಡೋಸಿನಿಂದ ಸತ್ತವರು ನಾಲ್ಕು ಜನ. ನಲವತ್ತು ತುಂಬುವ ಮುಂಚೆ ಹೃದಯ ನಿಂತು ಸತ್ತವರು ಮೂವತ್ತೊಂದು.

"ನಿಮ್ಮೂರ ಹುಡುಗ್ರ ಹೃದಯ ಬಹಳ ವೀಕು ಅಂತ ಕಾಣುತ್ತೆ, ಮಿಸೆಸ್ ಸೈಜ್‌ಮೋರ್," ಎಂದಳು. ಅಣಕಿಸಿ ಹೇಳಲಿಲ್ಲ, ಬೇಸರದಲ್ಲೇ ಹೇಳಿದಳು.

ಸತ್ತವರ ಕಾಗದದಲ್ಲಿ ಸಾವಿನ ಕಾರಣ ಬರೆಯುವವನು ನಿನ್ನ ವರ್ಲಿನ್ ಮಾವನೇ ತಾನೆ. ಇಪ್ಪತ್ತಾರು ವರ್ಷದಿಂದ ಕೌಂಟಿಯ ಕೊರೋನರ್ ಅವನೇ, ಸತ್ತವರಿಗೆ ಕೋಟು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವವನೂ ಅವನೇ. ಅಳುತ್ತಾ ನಿಂತ ತಾಯಿಯನ್ನು ನೋಡಿ "ಏನಂತ ಬರೀಲಿ" ಎಂದು ಕೇಳುತ್ತಾನೆ, ಆಮೇಲೆ ಹೃದಯ ನಿಂತಿತು ಎಂದು ಬರೆಯುತ್ತಾನೆ. ಸುಳ್ಳೇನಲ್ಲ, ಕೊನೆಗೆ ಎಲ್ಲರದೂ ನಿಲ್ಲುವುದು ಅದೇ ತಾನೆ ಅನ್ನುತ್ತಾನೆ. ಈ ಊರಿನಲ್ಲಿ ಅವನನ್ನು ಹರಸದ ಮನೆಯಿಲ್ಲ. ಈಗ ಆ ಒಳ್ಳೆಯತನವೇ ನಮ್ಮ ಕುತ್ತಿಗೆಗೆ ಬಂದಿದೆ. ಸತ್ತವರು ಕಡಿಮೆ ಇರುವಲ್ಲಿಗೆ ಅನುದಾನ ಬರುವುದಿಲ್ಲವಂತೆ.

ಜೂನ್ ಮೂವತ್ತರೊಳಗೆ ಅಂಥ ಹದಿನೈದು ಸಾವಿನ ಕಾಗದವಾದರೂ ತಿದ್ದಿಸಿ ಕಳಿಸಿದರೆ ಕಚೇರಿ ಉಳಿಯುತ್ತದೆ. ಮೊದಲು ತಪ್ಪು ಬರೆದದ್ದಕ್ಕೆ ವರ್ಲಿನ್ ಅಣ್ಣನನ್ನು ಯಾರೂ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ.

ಸೆಪ್ಟೆಂಬರಿನಲ್ಲಿ ನಿನ್ನ ಪೆರೋಲ್ ಬೋರ್ಡು. ನಿನ್ನ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದೇನೆ. ಓಪಲ್ ಆರಿಸಿದ ಹಳದಿ, ಕಣ್ಣು ಕುಕ್ಕಿದರೆ ನನ್ನನ್ನು ಬೈಯಬೇಡ.

ನಿನ್ನ ಅಮ್ಮ
ಡೆಲ್ಫಾ

೧೯ ಫೆಬ್ರವರಿ

ಅಮ್ಮ,

ನಿನ್ನ ಕಾಗದ ಬಂತು, ಎಂದಿನಂತೆ ಬಾಯಿ ಬಿಟ್ಟುಕೊಂಡೇ ಬಂತು. ಇಲ್ಲಿ ನಮ್ಮ ಕಾಗದ ಒಡೆದು ಓದುವ ಆಫೀಸರ್, "ನಿನ್ನ ಮಗಳು ಜೋರಿದಾಳೆ" ಎಂದ. ನಮ್ಮ ಮನೆಯ ವಿಷಯ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ.

ನನ್ನನ್ನು ಬಟ್ಟೆ ಒಗೆಯುವ ಕಡೆ ಹಾಕಿದ್ದಾರೆ. ಬಿಸಿಬಿಸಿ ಹಾಸಿಗೆ ಬಟ್ಟೆ ಮಡಿಸುವುದು. ಟ್ವೈಲಾ ಅನ್ನುವವಳು ಜೊತೆಗಿದ್ದಾಳೆ, ಮೇ ತಿಂಗಳಲ್ಲಿ ಹೋಗುತ್ತಾಳೆ. ಈ ಸಂಬಳಕ್ಕಿಂತ ನಗುವೇ ಮೇಲು ಎಂದು ಇಡೀ ದಿನ ನಗಿಸುತ್ತಾಳೆ. ನಾನು ಬಂದು ಹತ್ತೊಂಬತ್ತು ತಿಂಗಳಾಯಿತು, ಡಾಕ್ಟರ ಕಳ್ಳ ಚೀಟಿ ತೋರಿಸಿ ಮಾತ್ರೆ ತಂದವಳಿಗೆ ಇಷ್ಟು ಸಾಕು ಎಂದು ನಾನೇ ಬೋರ್ಡಿಗೆ ಹೇಳುತ್ತೇನೆ.

ನನ್ನ ಮೇಲಿನ ಮಂಚಕ್ಕೆ ಒಬ್ಬಳು ಬಂದಿದ್ದಾಳೆ. ಇಪ್ಪತ್ನಾಲ್ಕು ವರ್ಷ. ತನ್ನ ಮಾತ್ರೆಯಲ್ಲಿ ಅರ್ಧ ಗಂಡನಿಗೆ ಕೊಟ್ಟಳಂತೆ, ಅವನು ಕೇಳಿದ್ದಕ್ಕೆ. ಇವಳು ಎದ್ದಳು, ಅವನು ಏಳಲಿಲ್ಲ. ಅವನ ಕಾಗದದಲ್ಲಿ ಓವರ್‌ಡೋಸ್ ಎಂದು ಬರೆದರು. ಹಾಗೆ ಬರೆದರೆ ಕೊಟ್ಟವರು ಯಾರು ಎಂದು ಸರ್ಕಾರಿ ವಕೀಲ ಹುಡುಕಲೇಬೇಕಂತೆ. ಹದಿನೈದು ವರ್ಷ ಹಾಕಿದ್ದಾರೆ. ಮಾರಿದವಳಿಗಲ್ಲ ಅಮ್ಮ, ಹಂಚಿಕೊಂಡವಳಿಗೆ.

ಆ ಮೂವತ್ತೊಂದರಲ್ಲಿ ತಮ್ಮ ಲಾನಿಯ ಕಾಗದವೂ ಇದೆಯಾ?

ರೇಲೀನ್

೧೨ ಮಾರ್ಚ್

ರೇಲೀನ್,

ಕಾಡು ಈರುಳ್ಳಿ ಎದ್ದಿದೆ. ಓಪಲ್ ಹಸಿಯಾಗಿಯೇ ತಿಂದು ಶಾಲೆಗೆ ಹೋದಳು, ವಾಸನೆಗೆ ಟೀಚರ್ ಕಿಟಕಿಯ ಪಕ್ಕ ಕೂರಿಸಿದಳಂತೆ.

ವರ್ಲಿನ್ ಅಣ್ಣನ ಹತ್ತಿರ ಹೋಗಿದ್ದೆ. ತಿದ್ದುವುದಕ್ಕೆ ಕಾನೂನಿನ ಪ್ರಕಾರ ಅವನ ಸಹಿ ಒಂದೇ ಸಾಕು. ಆದರೆ ಆ ಮಹರಾಯ ಕೇಳಬೇಕಲ್ಲ. "ಅವ್ರಿಗೆ ಮಾತು ಕೊಟ್ಟು ಬರ್ದಿದ್ದು ಡೆಲ್ಫಾ. ಮನೆಯೋರು ಬಂದು ತಿದ್ದು ಅಂತ ಹೇಳಿದ್ರೆ ತಿದ್ತೀನಿ. ಇಲ್ದಿದ್ರೆ ಗವರ್ನರೇ ಬಂದು ನಿಂತ್ರೂ ಪೆನ್ನು ಮುಟ್ಟಲ್ಲ" ಎಂದ.

ಹೀಗಾಗಿ ಭಾನುವಾರ ಪ್ರಾರ್ಥನೆಯಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಕೂಡಿಸಿದೆ. ಹದಿನಾಲ್ಕು ಜನ ಬಂದರು. ಕಾಫಿ ಇಟ್ಟಿದ್ದೆ, ಯಾರೂ ಮುಟ್ಟಲಿಲ್ಲ. ನಾನು ಎಲ್ಲ ಬಿಡಿಸಿ ಹೇಳಿದೆ. ಕಚೇರಿ ಮುಚ್ಚಿದರೆ ಸ್ಪ್ರೇ ಇಲ್ಲ, ಸಭೆ ಇಲ್ಲ, ನಮ್ಮ ಮಕ್ಕಳಂತೂ ಹೋದರು, ಇರುವವರನ್ನಾದರೂ ಉಳಿಸೋಣ ಎಂದೆ. ಕೆಲವರು ಅತ್ತರು. ಒಬ್ಬಳು, "ನಮ್ಮತ್ತೆಗೆ ಇನ್ನೂ ಹೃದಯ ಅಂತಲೇ ಗೊತ್ತು, ಅವ್ರು ಸಾಯೋವರ್ಗಾದ್ರೂ ತಡೀರಿ" ಎಂದಳು.

ಆರ್ವೆಟಾ ಎದ್ದು ನಿಂತಳು. ನೆನಪಿದೆಯಲ್ಲ, ಪೆಟ್ರೋಲ್ ಬಂಕಿನ ಆರ್ವೆಟಾ. ಅವಳ ದೊಡ್ಡ ಮಗ ಲಾನಿಗಿಂತ ಎರಡು ತಿಂಗಳು ಮುಂಚೆ ಹೋದ.

"ಸರಿ, ತಿದ್ದು ಅಂತ ನಾವು ಸಹಿ ಹಾಕ್ತೀವಿ," ಎಂದಳು. "ಮೊದಲು ನೀನು ಹಾಕು. ಲಾನಿದು ಇಲ್ಲೇ ತಿದ್ಸು, ನಮ್ಮೆಲ್ಲರ ಎದುರಿಗೇ. ನೀನು ಹಾಕಿದ ಮರುಗಳಿಗೆ ನಾನು ಹಾಕ್ತೀನಿ, ಇವ್ರೆಲ್ಲರ ಕೈಲೂ ಹಾಕಿಸ್ತೀನಿ."

ಎಲ್ಲರೂ ನನ್ನ ಮುಖ ನೋಡಿದರು. ಕೈಯಲ್ಲಿ ಪೆನ್ನಿತ್ತು. ಪೆಟಿಗ್ರೂ ಕೊಟ್ಟು ಹೋದ ಪೆನ್ನು, ಅದರ ಮೇಲೆ ಇಲಾಖೆಯ ಹೆಸರಿದೆ. ನಾನು, "ಮನೇಲಿ ಯೋಚ್ನೆ ಮಾಡಿ ಬರ್ತೀನಿ" ಎಂದೆ.

"ಯೋಚ್ನೆ!" ಎಂದಳು ಆರ್ವೆಟಾ. "ನಮ್ಮ ಮಕ್ಳ ಮಾನ ಬೀದೀಲಿ ಹಾಕೋಕೆ ಯೋಚ್ನೆ ಬೇಡ, ನಿನ್ನ ಮಗಂದಕ್ಕೆ ಯೋಚ್ನೆ ಬೇಕು."

ನಾಚಿಕೆಯಾಯಿತು ರೇಲೀನ್. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ಸ್ವೆಟರ್ ಕಳಿಸಿದ್ದೇನೆ, ಬೂದು ಬಣ್ಣದ್ದು ಮಾತ್ರ ಬಿಡುತ್ತಾರಂತೆ.

ಅಮ್ಮ

೨ ಏಪ್ರಿಲ್

ಅಮ್ಮ,

ಸ್ವೆಟರ್ ಬಂತು. ತೋಳು ಉದ್ದವಾಯಿತು, ಪರವಾಗಿಲ್ಲ.

ನಾನು ಒಂದು ಮಾತು ಕೇಳಿದ್ದೆ. ನೀನು ಈರುಳ್ಳಿಯ ವಿಷಯ ಬರೆದೆ. ಸಹಿ ಯಾಕೆ ಹಾಕಲಿಲ್ಲ?

ರೇಲೀನ್

೩೦ ಏಪ್ರಿಲ್

ರೇಲೀನ್,

ನಿನ್ನ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿ, ತೆಗೆದು, ಮತ್ತೆ ಅಂಟಿಸಿ, ಈಗ ಡ್ರಾಯರಿನಲ್ಲಿಟ್ಟಿದ್ದೇನೆ. ಓಪಲ್ ಕೂಡಿಸಿ ಕೂಡಿಸಿ ಓದುವುದನ್ನು ಕಲಿತಿದ್ದಾಳೆ, ಇನ್ನು ಮೇಲೆ ಸ್ವಲ್ಪ ಹುಷಾರಾಗಿ ಬರಿ.

ಕಳೆದ ಶನಿವಾರ ಆರ್ವೆಟಾಳ ಪೆಟ್ರೋಲ್ ಬಂಕಿನ ಪಾಯಿಖಾನೆಯಲ್ಲಿ ಅವಳ ಚಿಕ್ಕ ಮಗ ಡ್ವೇನ್ ಬಿದ್ದಿದ್ದ. ಮುಖ ನೀಲಿ. ಅವಳೇ ಬಾಗಿಲು ಒಡೆದು ಒಳಗೆ ಹೋದಳು. ಗಲ್ಲಾದ ಕೆಳಗೆ ನಾನು ಕೊಟ್ಟಿದ್ದ ಸ್ಪ್ರೇ ಇತ್ತು. ಒಂದು ಹೊಡೆದಳು, ಏನೂ ಆಗಲಿಲ್ಲ, ಇನ್ನೊಂದು ಹೊಡೆದಳು. ಹುಡುಗ ಎದ್ದು ಕೂತು, "ಏನಮ್ಮಾ ಹಂಗೆ ಕಿರುಚ್ತೀಯಾ" ಅಂದನಂತೆ. ನಾನು ಓಡಿ ಹೋಗುವಷ್ಟರಲ್ಲಿ ಅವಳು ನೆಲದ ಮೇಲೆ ಕೂತು ಅವನ ಬೆನ್ನಿಗೆ ಗುದ್ದುತ್ತಿದ್ದಳು, ಅಳುತ್ತಿದ್ದಳು. ನನ್ನನ್ನು ನೋಡಿ ಕೈ ಹಿಡಿದುಕೊಂಡಳು. ಆಮೇಲೆ ಕೇಳಿದಳು, "ಡೆಲ್ಫಾ, ನೀನು ಯಾವಾಗ ಹಾಕ್ತೀಯ?"

ಕೈ ಬಿಡಿಸಿಕೊಂಡು ಮನೆಗೆ ಬಂದೆ.

ಕೆಲವು ವಿಷಯಗಳು ಕಾಗದದಲ್ಲಿ ಬರೆಯುವಂಥವಲ್ಲ. ನೀನೂ ಬರೆಯಬೇಡ. ನನ್ನ ಆಣೆ. ನೀನು ಮನೆಗೆ ಬಾ, ಅಷ್ಟೇ ನನಗೆ ಬೇಕಾದದ್ದು.

ಅಮ್ಮ

೨೧ ಮೇ

ಅಮ್ಮ,

ಇದನ್ನು ಯಾರೂ ಒಡೆದಿಲ್ಲ. ಟ್ವೈಲಾ ನಾಳೆ ಬಿಡುಗಡೆಯಾಗುತ್ತಾಳೆ, ಒಳಂಗಿಯಲ್ಲಿಟ್ಟುಕೊಂಡು ತಂದು ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಊಟ ಹಾಕು. ಸೂಪ್ ಬೀನ್ಸ್ ಮತ್ತು ಕಾರ್ನ್‌ಬ್ರೆಡ್ ಎಂದು ಒಂದು ವರ್ಷದಿಂದ ಜಪ ಮಾಡುತ್ತಿದ್ದಾಳೆ.

ನಾವಿಬ್ಬರೂ ಒಂದು ಸಲವೂ ಬಾಯಿ ಬಿಡದ ವಿಷಯವನ್ನು ಈಗ ಬರೆಯುತ್ತೇನೆ.

ಅವತ್ತು ಮಧ್ಯಾಹ್ನ ಲಾನಿ ಬಂದ. ಮೈ ನಡುಗುತ್ತಿತ್ತು, ಮೂಗು ಸೋರುತ್ತಿತ್ತು. "ಅಕ್ಕಾ, ಸ್ವಲ್ಪ ಕೊಡೇ, ಸಾಯ್ತಾ ಇದೀನಿ" ಎಂದ. ನನ್ನ ಹತ್ತಿರ ಒಂದೇ ನೀಲಿ ಮಾತ್ರೆ ಇತ್ತು. ನೀನು ಸೇಬು ಕತ್ತರಿಸುವ ಚಾಕುವಿನಿಂದ ನಾನೇ ಅದನ್ನು ಎರಡು ಮಾಡಿದೆ. ದೊಡ್ಡ ತುಂಡು ಅವನಿಗೆ ಕೊಟ್ಟೆ, ತಮ್ಮ ಎಂದು. ಚಿಕ್ಕ ತುಂಡು ನಾನು ತೆಗೆದುಕೊಂಡೆ. ಅದರಲ್ಲಿ ಚಿಟಿಕೆಯಲ್ಲೇ ಜೀವ ತೆಗೆಯುವ ಫೆಂಟನಿಲ್ ಬೆರೆಸಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊಡುತ್ತಿದ್ದೆನೇನೋ, ಆಗ ನಾನು ಹಾಗಿದ್ದೆ.

ಎಚ್ಚರವಾದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ನೀನು ಲಾನಿಯ ಕೈ ಹಿಡಿದು ನೋಡಿದೆ. ನನ್ನನ್ನು ನೋಡಿದೆ. ಚಾಕು ತೊಳೆದೆ. ಓಪಲ್‌ಳನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಹಿಂಬಾಗಿಲಿಂದ ಕಳಿಸಿದೆ. ಆಮೇಲೆ ವರ್ಲಿನ್ ಮಾವನನ್ನು ಕರೆಸಿ, ಲಾನಿಗೆ ಚಿಕ್ಕಂದಿನಿಂದ ಹೃದಯದ ತೊಂದರೆ ಇತ್ತು ಎಂದೆ. ಅವನಿಗೆ ಏನೂ ಇರಲಿಲ್ಲ ಅಮ್ಮ. ಶಾಲೆಯ ಓಟದಲ್ಲಿ ಅವನೇ ಮೊದಲು ಬರುತ್ತಿದ್ದ.

ನೀನು ಮಾನಕ್ಕಾಗಿ ಹಾಗೆ ಬರೆಸಿದೆ ಎಂದು ಊರು ತಿಳಿದುಕೊಂಡಿದೆ. ನನಗಾಗಿ ಬರೆಸಿದೆ ಎಂದು ನನಗೆ ಗೊತ್ತು. ಅವತ್ತು ಮನೆಯಲ್ಲಿ ಒಂದು ಸ್ಪ್ರೇ ಇದ್ದಿದ್ದರೆ ಅವನು ಇರುತ್ತಿದ್ದ. ಅದಕ್ಕೇ ನೀನು ಆ ಕೆಲಸಕ್ಕೆ ಸೇರಿದೆ ಎಂಬುದೂ ಗೊತ್ತು. ಡ್ವೇನ್ ಎದ್ದು ಕೂತ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಬಟ್ಟೆ ಒಗೆಯುವ ಕೋಣೆಯಲ್ಲಿ ಜೋರಾಗಿ ಅತ್ತುಬಿಟ್ಟೆ.

ತಿದ್ದಿಸು. ಹದಿನೈದು ವರ್ಷ ಬಂದರೆ ಬರಲಿ. ಹೆದರಿಕೆ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೇಲಿನ ಮಂಚದವಳು ಗೋಡೆಯ ಮೇಲೆ ತನ್ನ ಮಗುವಿನ ವಯಸ್ಸು ಬರೆಯುತ್ತಾಳೆ, ಅದನ್ನು ನೋಡಿದಾಗೆಲ್ಲ ನಾನು ಓಪಲ್‌ಳ ವಯಸ್ಸಿಗೆ ಹದಿನೈದು ಕೂಡಿಸುತ್ತೇನೆ. ಆದರೂ ನನ್ನನ್ನು ಉಳಿಸುವುದಕ್ಕೆ ಆ ಹದಿನಾಲ್ಕು ಮನೆಯ ಉಳಿದ ಮಕ್ಕಳು ಸಾಯುವುದು ನನಗೆ ಬೇಡ.

ನೀನು ಮಾಡುವುದಿಲ್ಲ ಎಂದು ಗೊತ್ತು. ಅದಕ್ಕೇ ವರ್ಲಿನ್ ಮಾವನಿಗೂ ಟ್ವೈಲಾಳ ಕೈಲೇ ಬೇರೆ ಕಾಗದ ಬರೆದು ಕಳಿಸಿದ್ದೇನೆ. ನಾನೂ ಲಾನಿಯ ಮನೆಯವಳೇ ತಾನೆ.

ರೇಲೀನ್

೧೧ ಜೂನ್

ರೇಲೀನ್,

ಟ್ವೈಲಾ ಬಂದಿದ್ದಳು. ಮೂರು ಬಟ್ಟಲು ಬೀನ್ಸ್ ತಿಂದಳು, ಓಪಲ್‌ಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕುವುದನ್ನು ಕಲಿಸಿ ಹೋದಳು. ತಲೆ ಚಿಟ್ಟು ಹಿಡಿದಿದೆ.

ಮಾರನೇ ದಿನ ನಿನ್ನ ಮಾವ ಬಂದ. ಭಾನುವಾರದ ಕೋಟು ಹಾಕಿಕೊಂಡು ಬಂದಿದ್ದ, ಕೆಲಸದ ದಿನ. ತನಗೆ ಬಂದದ್ದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಟೋಪಿ ಇಟ್ಟ.

"ಅವಳು ಮಾಡು ಅಂತಾಳೆ. ನೀನು ಬೇಡ ಅಂತೀಯ. ನಾನು ಯಾರ ಮಾತು ಕೇಳ್ಲಿ ಡೆಲ್ಫಾ?"

"ಹೆತ್ತೋಳ ಮಾತು ಕೇಳು."

"ಊರಲ್ಲಿ ಹೆತ್ತೋಳು ನೀನೊಬ್ಳೇ ಅಲ್ವಲ್ಲ," ಎಂದ. ಗದರಿಸಲಿಲ್ಲ. ಅಣ್ಣನಿಗೆ ವಯಸ್ಸಾಯಿತು. "ಮೊದಲ್ನೇ ಸಲ ನಿಜ ಬರ್ದಿದ್ರೆ ಇಷ್ಟೊತ್ತಿಗೆ ಹತ್ತು ವರ್ಷದಿಂದ ಈ ಊರಿಗೆ ಸಹಾಯ ಬರ್ತಿತ್ತೋ ಏನೋ. ನಾನು ಒಳ್ಳೇದು ಮಾಡ್ತಿದೀನಿ ಅನ್ಕೊಂಡಿದ್ದೆ."

ಬೇಸಿಗೆಯಲ್ಲಿ ಯಾರೂ ಕಟ್ಟಿಗೆ ಒಲೆ ಹಚ್ಚುವುದಿಲ್ಲ. ನಾನು ಹಚ್ಚಿದೆ. ಅವನದೂ ನನ್ನದೂ ಎರಡೂ ಹಾಕಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಟೋಪಿ ಮರೆತು ಹೋದ.

ಭಾನುವಾರ ಚರ್ಚಿನ ನೆಲಮಾಳಿಗೆಗೆ ಹೋಗಿ ಹದಿನಾಲ್ಕು ಜನರ ಎದುರು ಹೇಳಿದೆ: ನನ್ನ ಮಗನಿಗೆ ಹೃದಯದ ತೊಂದರೆ ಇತ್ತು. ಆರ್ವೆಟಾ ತನ್ನ ಕೈಚೀಲ ಎತ್ತಿಕೊಂಡಳು. ಆಮೇಲೆ, "ಸರಿ ಬಿಡು. ಹಂಗಾದ್ರೆ ನಮ್ಮ ಮಕ್ಳಿಗೂ ಅದೇ ಇತ್ತು" ಎಂದು ಎದ್ದಳು. ಉಳಿದವರೂ ಎದ್ದರು. ಕುರ್ಚಿ ಮಡಿಸಿಡಲು ನನ್ನ ಜೊತೆ ಒಬ್ಬಳೂ ನಿಲ್ಲಲಿಲ್ಲ.

ನೀನು ಬೈಯಬಹುದು. ಬೈಯಿ. ನಾನು ಒಂದು ಮಗುವನ್ನು ಮಣ್ಣಿಗೆ ಕೊಟ್ಟಿದ್ದೇನೆ, ಇನ್ನೊಂದನ್ನು ಕೊಡುವ ಶಕ್ತಿ ನನಗಿಲ್ಲ. ಅದು ತಪ್ಪಾದರೆ ತಪ್ಪು ನನ್ನದು.

ಅಮ್ಮ

೨೦ ಆಗಸ್ಟ್

ರೇಲೀನ್,

ನಾನು ಬರೆದ ನಾಲ್ಕು ಕಾಗದಕ್ಕೂ ನಿನ್ನ ಉತ್ತರವಿಲ್ಲ. ಫೋನಿಗೂ ಬರುವುದಿಲ್ಲ ಎಂದೆಯಂತೆ. ಆರೋಗ್ಯವಾಗಿದ್ದೀಯ ಎಂದು ಆಫೀಸರ್ ಹೇಳಿದ, ಪಾಪ, ಅವನಾದರೂ ಹೇಳಿದನಲ್ಲ.

ಕಚೇರಿ ಜುಲೈ ಕೊನೆಗೆ ಮುಚ್ಚಿತು. ಕಚೇರಿಯ ವ್ಯಾನನ್ನು ಪಕ್ಕದ ಕೌಂಟಿಯವರು ಬಂದು ತೆಗೆದುಕೊಂಡು ಹೋದರು. ಅಲ್ಲಿ ಸತ್ತವರ ಲೆಕ್ಕ ಸರಿಯಾಗಿದೆಯಂತೆ. ನಾನೀಗ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತೇನೆ. ಓಪಲ್ ಸಾಲಿನಲ್ಲಿ ಬಂದು ನನಗೆ ಕಣ್ಣು ಹೊಡೆದು ಹೋಗುತ್ತಾಳೆ.

ಇದನ್ನು ಬೇರೆ ಯಾರಿಂದಲೋ ಕೇಳುವ ಬದಲು ನನ್ನಿಂದಲೇ ಕೇಳು. ಡ್ವೇನ್ ಹೋದ. ಅದೇ ಬಂಕಿನಲ್ಲಿ, ಹಗಲು ಹನ್ನೊಂದಕ್ಕೆ. ಗಲ್ಲಾದ ಕೆಳಗಿದ್ದ ಸ್ಪ್ರೇ ಏಪ್ರಿಲ್‌ನಲ್ಲೇ ಮುಗಿದಿತ್ತು. ಜೂನ್‌ನ ಆ ಭಾನುವಾರದ ಮೇಲೆ ಆರ್ವೆಟಾ ಕೇಳಲು ಬರಲಿಲ್ಲ, ನಾನೂ ಕೊಡಲು ಹೋಗಲಿಲ್ಲ. ವರ್ಲಿನ್ ಅಣ್ಣ ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ನಿಜ ಬರಿ, ಇನ್ಯಾರಿಗೆ ಮಾನ ಉಳಿಸಲಿ" ಎಂದಳಂತೆ. ಸಾವಿನ ಮನೆಗೆ ಕೋಳಿಯ ಪಲ್ಯ ಮಾಡಿಕೊಂಡು ಹೋದೆ. ಬಾಗಿಲಲ್ಲೇ ಪಾತ್ರೆ ತೆಗೆದುಕೊಂಡಳು, ಒಳಗೆ ಬಾ ಎನ್ನಲಿಲ್ಲ.

ರಾತ್ರಿ ನಿದ್ದೆ ಬರುತ್ತಿಲ್ಲ. ನೀನು ಬಂದರೆ ಬರುತ್ತದೆ. ಗುರುವಾರದ ಸಭೆ ಇಲ್ಲದಿದ್ದರೇನಂತೆ, ಚರ್ಚಿನಲ್ಲಿ ಬುಧವಾರ ಪ್ರಾರ್ಥನೆ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ. ಬೋರ್ಡಿನ ಮುಂದೆ ಕೂದಲು ಕಟ್ಟಿಕೊಂಡು ಹೋಗು. ಎದುರು ಮಾತಾಡಬೇಡ.

ಒಂದು ಸಾಲು ಬರಿ.

ಅಮ್ಮ

೨೮ ಸೆಪ್ಟೆಂಬರ್

ಅಮ್ಮ,

ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ. ಈಗಲೂ ಇದೆ.

ಮಂಗಳವಾರ ಬೋರ್ಡಿನ ಮುಂದೆ ಕೂತೆ. ಕೂದಲು ಕಟ್ಟಿದ್ದೆ. ಮೂವರಿದ್ದರು, ನಡುವಿನ ಹೆಂಗಸು ಒಳ್ಳೆಯವಳು. ನಡತೆ ಚೆನ್ನಾಗಿದೆ, ಬಿಡುಗಡೆಗೆ ಒಪ್ಪಿದ್ದೇವೆ ಎಂದಳು.

"ಎಲ್ಲಿಗೆ ಹೋಗ್ತೀಯಮ್ಮ?"

"ನಮ್ಮಮ್ಮನ ಮನೆಗೆ. ನನ್ನ ಮಗಳು ಅಲ್ಲಿದಾಳೆ."

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಆಮೇಲೆ ಕನ್ನಡಕ ತೆಗೆದಳು. "ನಿಂಗೆ ವಾರಕ್ಕೊಂದು ಚಟ ಬಿಟ್ಟೋರ ಸಭೆ ಕಡ್ಡಾಯ, ಸರ್ಕಾರ ಒಪ್ಪಿದ್ದೇ ಆಗ್ಬೇಕು. ನಿಮ್ಮ ಕೌಂಟೀಲಿ ಈಗ ಒಂದೂ ಇಲ್ವಲ್ಲ. ಇದ್ದಿದ್ದೊಂದು ಜುಲೈನಲ್ಲಿ ಮುಚ್ಚಿದೆ."

"ಚರ್ಚಲ್ಲಿ ಬುಧವಾರ ಪ್ರಾರ್ಥನೆ ಇದೆ," ಎಂದೆ.

"ಪ್ರಾರ್ಥನೆ ಲೆಕ್ಕಕ್ಕೆ ಬರಲ್ಲಮ್ಮ."

ಪಕ್ಕದಲ್ಲಿದ್ದವನು ಇಣುಕಿ ನೋಡಿ, "ಅಲ್ಲಿ ಆ ತೊಂದ್ರೆ ಅಷ್ಟಾಗಿಲ್ಲ ಅಂತ ಕಾಣುತ್ತೆ, ಒಳ್ಳೇ ಊರೇ" ಎಂದ. ನನಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಅವರು ನೀರು ಕೊಟ್ಟರು.

ಲೂಯಿವಿಲ್‌ನಲ್ಲಿ ಬಿಡುಗಡೆಯಾದ ಹೆಂಗಸರ ಮನೆಯೊಂದಿದೆ, ಅಲ್ಲಿಗೆ ಹಾಕಿದ್ದಾರೆ. ಎರಡು ವರ್ಷ. ಆ ಊರು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಾನು ಹೊರಗೆ ಬರುತ್ತಿದ್ದೇನೆ ಅಮ್ಮ, ಮನೆಗೆ ಬರುತ್ತಿಲ್ಲ. ಓಪಲ್‌ಗೆ ಇದನ್ನು ಹೇಗೆ ಹೇಳುತ್ತೀಯೋ ನನಗೆ ಗೊತ್ತಿಲ್ಲ.

ನಿನಗೆ ಈ ನಿಯಮ ಗೊತ್ತಿರಲಿಲ್ಲ ಎಂದು ನಂಬುತ್ತೇನೆ. ನೀನು ಮಾಡಿದ್ದೆಲ್ಲ ನನ್ನ ಮೇಲಿನ ಪ್ರೀತಿಗೇ ಮಾಡಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಸಲವಾದರೂ ನಾನು ಹೇಳಿದ್ದನ್ನು ಕೇಳಬೇಕಿತ್ತು. ಒಲೆ ಹಚ್ಚುವ ಮುಂಚೆ ಕೇಳಬೇಕಿತ್ತು.

ಅಕ್ಟೋಬರ್ ಒಂಬತ್ತಕ್ಕೆ ಬಿಡುತ್ತಾರೆ. ಕರೆದೊಯ್ಯಲು ನೀನು ಬರುವುದು ಬೇಡ, ಆ ಮನೆಯವರ ಗಾಡಿ ಬರುತ್ತದೆ. ಭಾನುವಾರ ಎರಡರಿಂದ ನಾಲ್ಕರವರೆಗೆ ಮನೆಯವರ ಭೇಟಿ. ಓಪಲ್‌ಳನ್ನು ಕರೆದುಕೊಂಡು ಬಾ. ಅವಳಿಗೆ ದಪ್ಪ ಕೋಟು ಹಾಕು, ಅಂಗಳದಲ್ಲಿ ಕೂರಬೇಕಾಗುತ್ತದೆ.

ಮೊದಲ ಕೆಲವು ವಾರ ನೀನು ಕಾರಿನಲ್ಲೇ ಕೂತಿರು ಅಮ್ಮ. ನಿನ್ನ ಮುಖ ನೋಡಿದರೆ ನನ್ನನ್ನು ಉಳಿಸಿದ್ದಕ್ಕೆ ಋಣಿ ಎನ್ನಬೇಕಾಗುತ್ತದೆ, ಡ್ವೇನ್‌ನ ಅಮ್ಮನ ಮುಖವೂ ಕಾಣುತ್ತದೆ. ಎರಡೂ ಒಟ್ಟಿಗೆ ನನ್ನ ಕೈಲಾಗುವುದಿಲ್ಲ.

ನಿನ್ನ ಮಗಳು
ರೇಲೀನ್